ಲೈನ್ ಮನೆಯಲ್ಲಿ ಉಳಿದವಳು

ಮಗು ಕಾಣೆಯಾಗಿದೆ ಎಂದು ಫೋನ್ ಬರುವುದು ನನ್ನ ಕೆಲಸದಲ್ಲಿ ಹೊಸದಲ್ಲ. ತೀರಿಹೋದ ಮಗು ದಿನಾ ಶಾಲೆಗೆ ಬರುತ್ತಿದೆ ಎಂದು ಬಂದದ್ದು ಒಂದೇ ಸಲ.

ಫೋನ್ ಮಾಡಿದವರು ಬಾಳೂರಿನಿಂದ ಇನ್ನೂ ಮೇಲಕ್ಕಿರುವ ಒಂದು ಸಣ್ಣ ಸರ್ಕಾರಿ ಶಾಲೆಯ ಟೀಚರು. ಆಗ ನಾನು ಚಿಕ್ಕಮಗಳೂರಿನ ಕಚೇರಿಯಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಬಾಲ್ಯವಿವಾಹ, ಭಿಕ್ಷೆ, ಹೊಡೆತ, ಬಿಟ್ಟುಹೋದ ಕೂಸು, ಇವೆಲ್ಲಕ್ಕೂ ಒಂದು ದಾರಿ ಗೊತ್ತಿತ್ತು. ಟೀಚರ ಮಾತು ಕೇಳಿ, ಒಬ್ಬರೇ ಇದ್ದು ಇದ್ದು ಇವರಿಗೇ ಏನೋ ಆಗಿರಬೇಕು ಅಂದುಕೊಂಡೆ.

"ಒಂದ್ಸಲ ಬಂದು ನೋಡಿ ಮೇಡಂ. ಮಿಕ್ಕಿದ್ದು ಫೋನಲ್ಲಿ ಹೇಳೋಕೆ ಆಗಲ್ಲ. ಹೇಳಿದ್ರೆ ನೀವು ನಗ್ತೀರಿ," ಎಂದರು.

ಡಿಸೆಂಬರ್ ತಿಂಗಳು. ಕಾಫಿ ಕೊಯ್ಲು ನಡೆಯುತ್ತಿತ್ತು. ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಬರುವಾಗ ಎದುರಿನ ಲಾರಿಯ ದೀಪ ಮಾತ್ರ ಕಾಣುವಷ್ಟು ಮಂಜು. ಅಲ್ಲಿಂದ ಕಳಸದ ಕಡೆ ತಿರುಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಮರಗಳು ಹೊರಗೆ ಬಂದವು. ನಾನು ಕಡೂರಿನ ಬಯಲಿನವಳು. ಎಷ್ಟು ವರ್ಷವಾದರೂ ಈ ಕಡೆಯ ಗುಡ್ಡಗಳಲ್ಲಿ ಒಂದು ಕಷ್ಟ ನನಗೆ ತಪ್ಪಿಲ್ಲ: ಶಬ್ದ ಎಲ್ಲಿಂದ ಬರುತ್ತದೆ ಎಂದು ತಿಳಿಯುವುದಿಲ್ಲ. ಕೆಳಗಿನ ತೋಟದಲ್ಲಿ ಕರೆದರೆ ಬೆನ್ನ ಹಿಂದೆ ಕೇಳುತ್ತದೆ.

ಟೀಚರು ಶಾಲೆಯ ಹೊರಗೇ ಕಾಯುತ್ತಿದ್ದರು. ನಡುವಯಸ್ಸಿನ, ಅಚ್ಚುಕಟ್ಟಾದ ಹೆಂಗಸು. ಒಳಗೆ ಹೋಗುವ ಮೊದಲೇ ವಿಷಯ ಹೇಳಿದರು. ಹತ್ತಿರದ ಒಬ್ಬ ಸಣ್ಣ ಬೆಳೆಗಾರರ ಒಬ್ಬಳೇ ಮಗಳು ಈ ಶಾಲೆಯಲ್ಲೇ ಓದುತ್ತಿದ್ದಳು. ಎರಡು ಮಳೆಗಾಲದ ಹಿಂದೆ ಮನೆಯ ಕೆಳಗಿನ ಕೆರೆಗೆ ಬಿದ್ದು ಹೋದಳು. ಹೆಣ ಎತ್ತುವಾಗ ಟೀಚರೂ ಅಲ್ಲಿದ್ದರು. ಈಗ ಜೂನ್‌ನಿಂದ ಆ ಮನೆಯಿಂದಲೇ ಒಬ್ಬ ಹುಡುಗಿ ಬರುತ್ತಿದ್ದಾಳೆ. ಅದೇ ಯೂನಿಫಾರ್ಮು, ಅದೇ ಚೀಲ. ತೀರಿಹೋದವಳ ಹೆಸರಿನಿಂದ ಕರೆದರೆ ಮಾತ್ರ ತಿರುಗುತ್ತಾಳೆ.

"ತೋಟದ ಕೆಲಸಕ್ಕೆ ಬಂದೋರ ಮಗು, ನಂಗೆ ಗೊತ್ತು. ಊರಿಗೂ ಗೊತ್ತು. ತಾಯಿ ಬಿಟ್ಟು ಹೋಗಿದಾಳೆ. ಮೊದ್ಲು ಕನಿಕರ ಅನ್ನಿಸ್ತು, ಪಾಪ ಆ ಅಮ್ಮನಿಗೂ ಜೀವ ಬಂತಲ್ಲ ಅಂತ. ಹೆಸರು ಹಾಜರಿಗೆ ಸೇರಿಸಿಲ್ಲ, ಬಂದು ಕೂತ್ಕೊಳ್ಳಲಿ ಅಂತ ಬಿಟ್ಟೆ."

"ಈಗ ಏನಾಯ್ತು?"

"ಹಾಜರಿ ಕರೀತೀನಿ, ನೋಡಿ."

ಒಳಗೆ ಹೋದೆವು. ಮಕ್ಕಳು ಹೆಚ್ಚಿರಲಿಲ್ಲ. ಯಾವ ಹುಡುಗಿ ಎಂದು ಅವರು ತೋರಿಸುವುದು ಬೇಕಾಗಲಿಲ್ಲ. ಕಿಟಕಿಯ ಪಕ್ಕ ಕುಳಿತ ಆರೇಳು ವರ್ಷದವಳ ಎರಡೂ ಕಡೆ ಸ್ವಲ್ಪ ಜಾಗ ಬಿಟ್ಟು ಉಳಿದವರು ಕುಳಿತಿದ್ದರು. ಎಣ್ಣೆ ಹಾಕಿ ಬಿಗಿದು ಕಟ್ಟಿದ ಎರಡು ಜಡೆ, ಎಡಗಣ್ಣಿನ ಕೆಳಗೆ ಕಾಡಿಗೆಯ ಚುಕ್ಕೆ. ದೃಷ್ಟಿಬೊಟ್ಟು ಎಂದುಕೊಂಡೆ. ಟೀಚರು ಹೆಸರು ಕರೆಯುತ್ತ ಹೋದರು, ಮಕ್ಕಳು ಓಗೊಡುತ್ತ ಹೋದವು. ಎರಡು ಹೆಸರುಗಳ ನಡುವೆ, ಯಾರನ್ನೂ ಕರೆಯದ ಜಾಗದಲ್ಲಿ, ಕಿಟಕಿಯ ಪಕ್ಕದ ಹುಡುಗಿ ತಲೆ ಎತ್ತಿ ಹೇಳಿದಳು:

"ಪ್ರೆಸೆಂಟ್ ಟೀಚರ್."

ಬೇರೆ ಮಕ್ಕಳು ನಗಲಿಲ್ಲ, ತಿರುಗಲೂ ಇಲ್ಲ. ಟೀಚರು ಮುಂದಿನ ಹೆಸರು ಕರೆದರು.

ಹೊರಗೆ ಬಂದ ಮೇಲೆ ಅವರು ಹಾಜರಿ ಪುಸ್ತಕ ತೆರೆದು ಆ ಎರಡು ಹೆಸರುಗಳ ನಡುವೆ ಬೆರಳಿಟ್ಟರು. "ಆ ಹೆಸರು ಇದ್ದದ್ದು ಅಲ್ಲೇ. ಅವಳಿಗೆ ಯಾರು ಹೇಳಿಕೊಟ್ರು ಮೇಡಂ?"

ನನಗೆ ಕೇಳಿಸಿತ್ತು. ಟೀಚರೇ ಅಲ್ಲಿ ಒಂದು ಉಸಿರಿನಷ್ಟು ನಿಲ್ಲಿಸುತ್ತಾರೆ. ವರ್ಷಗಟ್ಟಲೆ ಕರೆದ ಹೆಸರು. ಬಾಯಿ ಅದನ್ನು ಮರೆತರೂ ಉಸಿರು ಮರೆತಿಲ್ಲ. ಅದನ್ನು ಹೇಳಿದೆ. ಅವರು ಒಪ್ಪಿದಂತೆ ತಲೆಯಾಡಿಸಿದರು. "ಮತ್ತೆ ಆ ಚುಕ್ಕೆ? ದೃಷ್ಟಿಬೊಟ್ಟಲ್ಲ ಅದು. ತೀರ್ಕೊಂಡ ಹುಡುಗಿಗೆ ಅಲ್ಲೇ ಮಚ್ಚೆ ಇತ್ತು. ದಿನಾ ಬೆಳಿಗ್ಗೆ ಇಟ್ಟು ಕಳಿಸ್ತಾರೆ."

ನಾನು ಹುಡುಗಿಯನ್ನು ಕರೆದುಕೊಂಡೇ ಆ ಮನೆಗೆ ಹೋದೆ. ಜೀಪು ಮೇಲಿನ ರಸ್ತೆಯಲ್ಲೇ ನಿಂತಿತು. ಕಾಫಿ ಗಿಡಗಳ ನಡುವೆ ಇಳಿಯುವ ಕಾಲುದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಒಂದು ತಿರುವಿನಲ್ಲಿ ಅವಳು ನಿಂತು, "ಇಲ್ಲಿ ಜಾರ್ತದೆ, ನಿಧಾನ ಬನ್ನಿ," ಎಂದಳು. ಮಾತು ಅಪ್ಪಟ ಈ ಕಡೆಯದು.

ಮನೆಯ ಮುಂದೆ ಸಿಮೆಂಟಿನ ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಅದರ ಹುಳಿವಾಸನೆ. ಮನೆಯಾಕೆ ಬಾಗಿಲಿಗೆ ಬಂದು, ನಾನು ಯಾರು ಎಂದು ಕೇಳುವ ಮೊದಲೇ ಹುಡುಗಿಯ ಮುಖ ಹಿಡಿದು ಬೆಳಕಿಗೆ ತಿರುಗಿಸಿ ಚುಕ್ಕೆ ಇದೆಯೇ ಎಂದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ಒಳ್ಳೆಯ ನಗು. ಕೂರಿಸಿ ಕಾಫಿ ಕೊಟ್ಟರು.

"ಶಾಲೆಯಿಂದ ಕಂಪ್ಲೇಂಟ್ ಬಂತಾ? ನಮ್ಮ ಹುಡುಗಿ ಸ್ವಲ್ಪ ಹಿಂದೆ ಬಿದ್ದಿದಾಳೆ, ಹೌದು. ಮಧ್ಯದಲ್ಲಿ ಹುಷಾರಿರ್ಲಿಲ್ಲ. ತುಂಬಾ ದಿನ ಮಲಗಿದ್ಳು. ಈಗ ಪರ್ವಾಗಿಲ್ಲ."

ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಯಾವುದೂ ಇರಲಿಲ್ಲ. ಆ ಹೆಂಗಸು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಸುಳ್ಳು ಹೇಳುವವರನ್ನು ದಿನಾ ನೋಡುತ್ತೇನೆ. ಅವರು ನನ್ನ ಮುಖ ನೋಡಿ ಮಾತಾಡುತ್ತಾರೆ. ಈಕೆ ಹುಡುಗಿಯ ಮುಖವನ್ನೇ ನೋಡುತ್ತ ಮಾತಾಡುತ್ತಿದ್ದರು.

ಅಷ್ಟರಲ್ಲಿ ಯಜಮಾನರು ತೋಟದಿಂದ ಬಂದರು. ಕತ್ತಿಯನ್ನು ಜಗಲಿಯ ಮೇಲಿಟ್ಟು, "ಕಣದ ಕಡೆ ಬನ್ನಿ ಮೇಡಂ," ಎಂದರು. ಹೆಂಡತಿಗೆ ಕೇಳಿಸದಷ್ಟು ದೂರ ಹೋಗಿ, ಕಾಲಿನಿಂದ ಹಣ್ಣು ಸರಿಸುತ್ತ ಹೇಳತೊಡಗಿದರು.

ಹೋದ ಕೊಯ್ಲಿಗೆ ಕೊಪ್ಪಳದ ಕಡೆಯಿಂದ ಒಬ್ಬ ಹೆಂಗಸು ಈ ಮಗುವನ್ನು ಕರೆದುಕೊಂಡು ಬಂದಿದ್ದಳಂತೆ. ಗಂಡ ಗೋವಾಕ್ಕೆ ಹೋದವನು ತಿರುಗಿ ಬಂದಿರಲಿಲ್ಲ, ಆಕೆ ಬಸುರಿ. ಇವರ ಕೂಲಿಯವರ ಲೈನ್ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದರು. ಕೊಯ್ಲು ಮುಗಿದ ಮೇಲೆ ಹೆರಿಗೆಗೆ ಊರಿಗೆ ಹೊರಟಾಗ, ಮಗು ಇಲ್ಲೇ ಇರಲಿ, ಶಾಲೆಗೆ ಕಳಿಸುತ್ತೇವೆ ಎಂದು ಮನೆಯಾಕೆಯೇ ಹೇಳಿದರಂತೆ.

"ಮೊದ್ಲು ನಮ್ಮ ಮನೆಯವಳು ಮಗಳ ಸ್ವೆಟರ್ ಇದಕ್ಕೆ ಹಾಕಿದ್ಳು. ಚಳಿ ಅಲ್ವಾ, ಹಾಕ್ಲಿ ಅಂದ್ಕೊಂಡೆ. ಆಮೇಲೆ ಎರಡು ಜಡೆ ಹಾಕಿದ್ಳು. ಒಂದಿನ ಆ ಹೆಸರು ಹಿಡ್ದು ಕರೆದ್ಳು. ಮಗು 'ಓ' ಅಂತು. ಎಂತ ಮಾಡೋದು ಮೇಡಂ? ಅವತ್ತು ನಮ್ಮ ಮನೆಯವಳು ಹೊಟ್ಟೆ ತುಂಬ ಊಟ ಮಾಡಿದ್ಳು. ಅಲ್ಲಿ ತನಕ ಸಂಜೆಯಾದ್ರೆ ಕೆರೆ ದಂಡೆ ಮೇಲೆ ಹೋಗಿ ಕೂರ್ತಿದ್ಳು. ಅವಳನ್ನೂ ಕಳ್ಕೊಳ್ತೀನಿ ಅಂದ್ಕೊಂಡಿದ್ದೆ."

"ನೀವೂ ಅದೇ ಹೆಸರಲ್ಲಿ ಕರೀತೀರಾ?"

"ಮನೆಯವಳ ಎದುರಿಗೆ ಕರೀತಿದ್ದೆ. ಈಗ ತೋಟದಲ್ಲಿ ಒಬ್ನೇ ಇರೋವಾಗ್ಲೂ ಬಾಯಿಗೆ ಅದೇ ಬರ್ತದೆ. ಮೊನ್ನೆ ಪೈಪ್ ಸರಿಮಾಡೋಕೆ ಕೆರೆ ಹತ್ರ ಹೋಗಿದ್ದೆ, ಹಿಂದೆ ಬಂದ್ಲು. ಒಂದು ಕಲ್ಲಿನ ಹತ್ರ ನಿಂತು, 'ಅಪ್ಪ, ನಾನು ಜಾರಿದ್ದು ಇಲ್ಲೇ ಅಲ್ವಾ' ಅಂದ್ಲು. ಅದೇ ಕಲ್ಲು. ನಾವು ಯಾರೂ ಅವಳಿಗೆ ಆ ಜಾಗ ತೋರ್ಸಿಲ್ಲ."

ಶಾಲೆಯ ಮಕ್ಕಳು ಹೇಳಿರುತ್ತವೆ ಎಂದೆ. ಇರಬಹುದು ಎಂದರು. ಮಗುವಿನ ನಿಜವಾದ ಹೆಸರು ಕೇಳಿದಾಗ ಅವರು ಮನೆಯ ಕಡೆ ಒಮ್ಮೆ ತಿರುಗಿ ನೋಡಿ, ಮೆಲ್ಲಗೆ ಹೇಳಿದರು.

ಮಗುವನ್ನು ಒಬ್ಬಳನ್ನೇ ಮಾತಾಡಿಸಬೇಕು, ಅದು ನಮ್ಮ ಕ್ರಮ. ಮನೆಯಾಕೆ ಒಪ್ಪಿದರು; ಅವಳ ಕೈಗೆ ಒಂದು ಅಕ್ಕಿರೊಟ್ಟಿ ಕೊಟ್ಟು ಕಳಿಸಿದರು. ನಾವು ಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತೆವು. ಬಿಸಿಲು ಬಂದಿತ್ತು. ನಾನು ಶಾಲೆ, ಊಟ, ನಾಯಿ ಎಂದು ಸುತ್ತುಬಳಸಿ, ಕೆರೆಯ ಮಾತಿಗೆ ಬಂದೆ.

"ನಾನು ನೀರಿಗೆ ಬಿದ್ದೆ. ಆಮೇಲೆ ಮಲಗಿದ್ದೆ. ಆಮೇಲೆ ಅಮ್ಮ ಎಬ್ಬಿಸಿದ್ರು," ಎಂದಳು, ಪದ್ಯ ಒಪ್ಪಿಸುವ ಹಾಗೆ.

ನಾನು ಅವಳ ನಿಜವಾದ ಹೆಸರು ಹೇಳಿ, ಆ ಹುಡುಗಿ ಗೊತ್ತಾ ಎಂದೆ.

"ಗೊತ್ತು. ಅವಳು ಲೈನ್ ಮನೇಲಿದಾಳೆ."

"ಯಾರ ಜೊತೆ?"

"ಒಬ್ಳೇ. ಅವಳ ಅವ್ವ ಬರ್ಲೇ ಇಲ್ಲ." ಆ 'ಅವ್ವ' ಎನ್ನುವ ಒಂದು ಮಾತು ಮಾತ್ರ ಈ ಊರಿನದಾಗಿರಲಿಲ್ಲ. ರೊಟ್ಟಿಯನ್ನು ಎರಡು ಭಾಗ ಮಾಡಿ, ಒಂದನ್ನು ತಿಂದು, ಇನ್ನೊಂದನ್ನು ಹಿಡಿದು ಎದ್ದಳು. "ಬರ್ತೀರಾ? ಅವಳಿಗೆ ಊಟ ಕೊಟ್ಟು ಬರಣ."

ಲೈನ್ ಮನೆ ತೋಟದ ಅಂಚಿನಲ್ಲಿತ್ತು. ಸಾಲಾಗಿ ಎರಡು ಕೋಣೆ, ಶೀಟಿನ ಮಾಡು. ಆ ವರ್ಷ ಕೂಲಿಯವರು ಬಾಳೂರಿನಿಂದ ಜೀಪಿನಲ್ಲಿ ಬಂದು ಹೋಗುತ್ತಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಎರಡಕ್ಕೂ ಬೀಗ. ಎರಡನೆಯ ಬಾಗಿಲ ಮುಂದೆ ಹುಡುಗಿ ಕುಕ್ಕುರುಗಾಲಲ್ಲಿ ಕುಳಿತು, ಬೆರಳಿನ ಗಿಣ್ಣಿನಿಂದ ಬಡಿದು, ತನ್ನದೇ ನಿಜವಾದ ಹೆಸರು ಹಿಡಿದು ಕರೆದಳು. "ರೊಟ್ಟಿ ತಂದಿದೀನಿ. ಅಳಬೇಡ ಆಯ್ತಾ. ಮೇಡಂ ಬಂದಿದಾರೆ." ಬಾಗಿಲ ಕೆಳಗಿನ ಸಂದಿನಲ್ಲಿ ರೊಟ್ಟಿ ತೂರಿಸಿದಳು. ಆಮೇಲೆ ಕಿವಿ ಬಾಗಿಲಿಗೆ ಒತ್ತಿ ಕೇಳಿಸಿಕೊಂಡು, ಹೂಂ, ಹೂಂ ಎಂದು ತಲೆಯಾಡಿಸಿದಳು.

"ಏನಂದ್ಲು?" ಎಂದೆ.

"ಬಾಗ್ಲು ತೆಗಿ ಅಂತಾಳೆ. ಬೀಗದ ಕೈ ನನ್ನ ಹತ್ರ ಇಲ್ವಲ್ಲ."

ಆ ಕ್ಷಣ ನಾನು ಮಾಡಿದ್ದನ್ನು ಯಾವ ವರದಿಯಲ್ಲೂ ಬರೆದಿಲ್ಲ. ಬಾಗಿ, ಸಂದಿನ ಹತ್ತಿರ ಕಿವಿಯಿಟ್ಟೆ. ಒಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು, ಬೂದಿಯ ವಾಸನೆ. ಬೇರೇನೂ ಇಲ್ಲ. ಆದರೆ ನಾನು ಕಾದೆ. ನಡುಹಗಲು, ಮೇಲಿನ ತೋಟದಲ್ಲಿ ಕೊಯ್ಲಿನ ಹೆಂಗಸರ ಮಾತು ಕೇಳುತ್ತಿತ್ತು, ನಾನು ಉಸಿರು ಬಿಗಿಹಿಡಿದು ಒಂದು ಮಗುವಿನ ದನಿಗೆ ಕಾಯುತ್ತಿದ್ದೆ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ಕೇಳಿಸುತ್ತಿತ್ತೇನೋ ಎಂಬ ಭಯಕ್ಕೆ ಎದ್ದೆ.

ಆಮೇಲಿನದು ಕಾನೂನಿನ ಕೆಲಸ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಿಷಯ ಇಟ್ಟೆ. ತಾಯಿ ಸಿಗುವ ತನಕ ಮಗು ಬಾಲಮಂದಿರದಲ್ಲಿ ಇರಲಿ ಎಂದು ಆದೇಶವಾಯಿತು. ಕರೆತರಲು ಹೋದ ದಿನ ಮನೆಯಾಕೆ ಗಲಾಟೆ ಮಾಡಲಿಲ್ಲ. ಬಟ್ಟೆ ಮಡಚಿ ಚೀಲಕ್ಕೆ ತುಂಬಿದರು. ಕಾಡಿಗೆಯ ಡಬ್ಬಿಯನ್ನೂ ಹಾಕಿದರು. ಜೀಪು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ನೀರಿನ ಹತ್ರ ಬಿಡಬೇಡಿ," ಎಂದರು, ಅಷ್ಟೇ.

ಬಾಲಮಂದಿರದಲ್ಲಿ ಅವಳ ನಿಜವಾದ ಹೆಸರಿಗೆ ಅವಳು ತಿರುಗುತ್ತಿರಲಿಲ್ಲ. ಮೊಂಡುತನವಲ್ಲ, ಪಕ್ಕದಲ್ಲಿರುವ ಬೇರೆ ಯಾರನ್ನೋ ಕರೆದಂತೆ ಪಕ್ಕಕ್ಕೆ ನೋಡುತ್ತಿದ್ದಳು. ಆಪ್ತಸಮಾಲೋಚಕಿ ತಾಳ್ಮೆಯವರು, ಕಾಲ ಹಿಡಿಯುತ್ತದೆ ಎಂದರು. ಅವಳ ಜೊತೆ ಮಲಗುತ್ತಿದ್ದ ಹುಡುಗಿಯರು ಮಾತ್ರ, ಅವಳು ತನ್ನ ಹಾಸಿಗೆಯಲ್ಲಿ ಅರ್ಧ ಜಾಗ ಯಾವಾಗಲೂ ಖಾಲಿ ಬಿಡುತ್ತಾಳೆ, ಅಲ್ಲಿ ಯಾರನ್ನೂ ಮಲಗಲು ಬಿಡುವುದಿಲ್ಲ ಎಂದು ದೂರು ಹೇಳುತ್ತಿದ್ದರು.

ಕೂಲಿಯವರನ್ನು ಕರೆತರುವ ಒಬ್ಬ ಮೇಸ್ತ್ರಿಯ ಮೂಲಕ ತಾಯಿ ಸಿಕ್ಕಳು. ಕೊಪ್ಪಳದಲ್ಲಲ್ಲ, ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ, ಬಸ್ಸು ಹತ್ತಿದರೆ ಮಗಳಿದ್ದ ಮನೆಗೆ ಒಂದೆರಡು ಗಂಟೆಯಲ್ಲಿ ಮುಟ್ಟುವಷ್ಟು ಹತ್ತಿರ. ನನಗೆ ಸಿಟ್ಟು ಬಂದಿತ್ತು. ಸಣಕಲು ಹೆಂಗಸು, ಬೆನ್ನಿಗೆ ಕೂಸು ಕಟ್ಟಿಕೊಂಡು ಮೆಣಸು ಬಿಡಿಸುತ್ತಿದ್ದಳು. ಮಗಳನ್ನು ಯಾಕೆ ಬಿಟ್ಟೆ ಎಂದು ಕೇಳಿದೆ.

"ಬಿಟ್ಟಿಲ್ರೀ ಅವ್ವಾರ. ಮಳಿ ನಿಂತ ಮ್ಯಾಲ ಕರ್ಕೊಂಡು ಹೋಗಾಕಂತ ಬಂದಿದ್ನಿ. ಗೇಟಿನ್ಯಾಗ ನಿಂತು ಕರದೆ. ಆಕಿ ಅಂಗಳದಾಗ ಆಡಾಕತ್ತಿದ್ಲು. ಹೊಳ್ಳಿ ನೋಡಿದ್ಲು." ಆಕೆ ಕೂಸನ್ನು ಮುಂದಕ್ಕೆ ಎಳೆದುಕೊಂಡು ಅವುಚಿದಳು. "ಮಾರಿ ನನ್ನ ಮಗಳದ. ಕಣ್ಣು ಬ್ಯಾರೆ ಯಾರದೋ. ನನ್ನ ಕಂಡು, ಯಾರು ಬೇಕು ಅಂತ ಕೇಳಿದ್ಲು, ದೊಡ್ಡೋರ ಮನಿ ಮಕ್ಕಳ ಮಾತಿನ್ಯಾಗ. ಆ ಮನ್ಯಾಗ ಹುಡುಗಿ ಸತ್ತದ್ದು ನನಗ ಗೊತ್ತಿತ್ರೀ. ಆಕಿ ನನ್ನ ಮಗಳೊಳಗ ಬಂದು ಕುಂತಾಳ ಅನಿಸ್ತು. ಅಂಜಿ ಓಡಿ ಬಂದೆ. ದೂರ ಹೋಗಾಕೂ ಮನಸ ಬರ್ಲಿಲ್ಲ. ಇಲ್ಲೇ ಕೆಲಸ ಹಿಡದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಾಗಿಲ ಸಂದಿಗೆ ಕಿವಿಯಿಟ್ಟವಳು ನಾನು.

ಬಾಲಮಂದಿರದಲ್ಲಿ ಅವರಿಬ್ಬರೂ ಎದುರುಬದುರು ಕುಳಿತದ್ದು ನೋಡುವುದು ಕಷ್ಟವಾಗಿತ್ತು. ತಾಯಿ ಮುಟ್ಟಲು ಹೆದರುತ್ತಿದ್ದಳು. ಹುಡುಗಿ ಹೆದರಿರಲಿಲ್ಲ, ನೆಂಟರ ಮನೆಯವರನ್ನು ನೋಡುವಂತೆ ಮರ್ಯಾದೆಯಿಂದ ನೋಡುತ್ತಿದ್ದಳು. ಕೂಸು ಅತ್ತಿತು. ತಾಯಿ ಸೆರಗು ಸರಿಮಾಡಿಕೊಳ್ಳಲು ಕೂಸನ್ನು ಅವಳ ಕಡೆ ಚಾಚಿದಾಗ, ಹುಡುಗಿ ಕೈ ಹಿಂದಕ್ಕೆಳೆದುಕೊಂಡು ಹೇಳಿದಳು: "ಇದು ಅವಳ ತಮ್ಮ. ಅವಳನ್ನ ಕರ್ಕೊಂಡು ಬನ್ನಿ. ಲೈನ್ ಮನೇಲಿದಾಳೆ."

ತಾಯಿ ನನ್ನ ಮುಖ ನೋಡಿದಳು. ನಾನು ನಡೆದದ್ದೆಲ್ಲ ಹೇಳಿದೆ. ಕೇಳಿ, ಕೂಸನ್ನು ಹೆಗಲಿಗೆ ಹಾಕಿಕೊಂಡು, "ಹಂಗಾರ ಹೋಗಿ ಕರ್ಕೊಂಡು ಬರೂಣ್ರೀ," ಎಂದಳು. ಸಮಾಲೋಚಕಿಗೆ ಇದು ಅಷ್ಟು ಸರಿಕಾಣಲಿಲ್ಲ; ಮಗುವಿನ ಭ್ರಮೆಗೆ ನಾವೇ ನೀರೆರೆದ ಹಾಗಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಸಮಿತಿಯ ಅನುಮತಿ ಕೇಳಿ, ಅವರನ್ನೂ ಜೊತೆಗೆ ಕರೆದುಕೊಂಡು, ನಾನು ಒಪ್ಪಿದೆ.

ಬೆಳಿಗ್ಗೆ ಹೊರಟು ಬಿಸಿಲೇರುವ ಹೊತ್ತಿಗೆ ಅಲ್ಲಿದ್ದೆವು. ಯಜಮಾನರು ಬೀಗ ತೆಗೆದು ದೂರ ಸರಿದು ನಿಂತರು. ಬಾಗಿಲು ಒತ್ತಿದಾಗ ಒಳಗೆ ಕತ್ತಲೆ. ಹೊಸ್ತಿಲ ಆಚೆ ರೊಟ್ಟಿಯ ತುಂಡು ಒಂದೂ ಇರಲಿಲ್ಲ. ಇಲಿಗಳು ತಿಂದಿರುತ್ತವೆ. ತಾಯಿ ಕೂಸನ್ನು ನನ್ನ ಕೈಗೆ ಕೊಟ್ಟು, ಹೊಸ್ತಿಲಲ್ಲಿ ನಿಂತು, ಖಾಲಿ ಕೋಣೆಗೆ ಮಗಳ ಹೆಸರು ಹಿಡಿದು ಕರೆದಳು. ಮೊದಲ ಸಲ ದನಿ ಬರಲಿಲ್ಲ. ಎರಡನೆಯ ಸಲ ಗದರಿದಂತೆ ಕರೆದಳು: "ಎಷ್ಟೊತ್ತು ಕಾಯಬೇಕ? ಬಾ ಹೊರಗ, ಬಸ್ಸು ಹೋಕ್ಕೈತಿ."

ನನ್ನ ಪಕ್ಕದಲ್ಲಿದ್ದ ಹುಡುಗಿ ತಾಯಿಯನ್ನು ದಾಟಿ ಒಳಗೆ ಹೋದಳು. ಬಾಗಿಲನ್ನು ಅರ್ಧ ಮುಚ್ಚಿಕೊಂಡಳು. ಒಳಗೆ ಪಿಸುಮಾತು ಕೇಳಿಸಿತು. ಒಬ್ಬಳೇ ಎರಡು ದನಿಯಲ್ಲಿ ಮಾತಾಡುತ್ತಿದ್ದಳು. ಅದು ನನಗೆ ತಿಳಿದಿತ್ತು, ತಿಳಿದಿದ್ದರೂ ಕೈಯಲ್ಲಿದ್ದ ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಪಿಸುಮಾತು ನಿಂತಿತು. ಹುಡುಗಿ ಹೊರಗೆ ಬಂದಳು. ಎರಡೂ ಜಡೆ ಬಿಚ್ಚಿಹೋಗಿದ್ದವು. ತಾಯಿಯ ಸೀರೆ ಹಿಡಿದು, "ಅವ್ವ, ಹಸಿವಿ ಆಗೇತಿ," ಎಂದಳು.

ತಾಯಿ ಅಲ್ಲೇ ಕುಳಿತು ಅವಳನ್ನು ಅಪ್ಪಿಕೊಂಡಳು.

ನಾವು ಕಾಲುದಾರಿ ಹತ್ತುವಾಗ ಹಿಂದೆ ತಿರುಗಿ ನೋಡಿದೆ. ಮನೆಯಾಕೆ ಲೈನಿನ ಹತ್ತಿರ ಬಂದಿದ್ದರು. ಯಜಮಾನರು ಬೀಗ ಹಾಕಲು ಹೋದಾಗ ಅವರ ಕೈ ಹಿಡಿದು ತಡೆದರು. "ಹಾಕಬೇಡಿ. ಅವಳು ಒಳಗೆ ಉಳಿದಿದ್ರೆ?" ಎಂದದ್ದು ಮೇಲಿನ ತನಕ ಸ್ಪಷ್ಟವಾಗಿ ಕೇಳಿಸಿತು.

ತಾಯಿ, ಮಕ್ಕಳು ಕೊಪ್ಪಳಕ್ಕೆ ಹೋದರು. ಅಲ್ಲಿಯ ನಮ್ಮವರು ಹೋಗಿ ನೋಡಿಕೊಂಡು ಬರುತ್ತಿದ್ದರು. ಮಗು ಚೆನ್ನಾಗಿದೆ, ಅಲ್ಲಿಯ ಮಾತೇ ಆಡುತ್ತದೆ, ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತದೆ ಎಂದು ತಿಳಿಸಿದರು. ಸಂತೋಷವಾಯಿತು. ಮನೆಯಾಕೆಯನ್ನು ಯಜಮಾನರು ಮಂಗಳೂರಿನ ವೈದ್ಯರಿಗೆ ತೋರಿಸುತ್ತಿದ್ದಾರೆಂದು ಟೀಚರಿಂದ ಗೊತ್ತಾಗಿತ್ತು.

ಮುಂದಿನ ಕೊಯ್ಲಿನ ಹೊತ್ತಿಗೆ ಬೇರೆ ಕೆಲಸಕ್ಕೆ ಹೋಗುತ್ತಿದ್ದಾಗ, ಕೊಟ್ಟಿಗೆಹಾರದ ಹೋಟೆಲಿನಲ್ಲಿ ಯಜಮಾನರು ಸಿಕ್ಕರು. ಎದ್ದು ನಿಂತು ನಮಸ್ಕಾರ ಮಾಡಿ ಎದುರಿಗೆ ಕುಳಿತರು. ಮನೆಯವರು ಹೇಗಿದ್ದಾರೆ ಎಂದೆ.

"ಮಾತ್ರೆ ತಗೊಳ್ತಾಳೆ. ನಿದ್ದೆ ಬರ್ತದೆ. ಮಗಳು ತೀರಿಹೋದ್ಲು ಅಂತ ಈಗ ಅವಳ ಬಾಯಲ್ಲೇ ಹೇಳ್ತಾಳೆ." ಕಾಫಿ ಲೋಟ ತಿರುಗಿಸುತ್ತ ಕುಳಿತರು. "ಈ ಸಲ ಲೈನಿಗೆ ಒಂದು ಸಂಸಾರ ಬಂದಿದೆ. ಅವರದ್ದೊಂದು ಹೆಣ್ಣುಮಗು. ಕಣಕ್ಕೆ ಆಡೋಕೆ ಬರ್ತದೆ. ಇವಳು ಎದ್ದು ಒಳಗೆ ಹೋಗಿಬಿಡ್ತಾಳೆ. ಅದರ ಹೆಸರು ಏನು ಅಂತ ಇನ್ನೂ ಕೇಳಿಲ್ಲ. ಕೇಳೋದು ಬೇಡ ಅಂತಾಳೆ."

"ಮಗು ಅಂಗನವಾಡಿಗೆ ಹೋಗ್ತದಾ?" ಎಂದು ಕೇಳಿದೆ, ಅಭ್ಯಾಸಬಲದಿಂದ.

"ಸೋಮವಾರದಿಂದ ಕಳಿಸ್ತೀವಿ ಅಂದಿದಾರೆ. ನಾನೇ ಹೇಳಿದೀನಿ," ಎಂದರು. ಅಷ್ಟರಲ್ಲಿ ಕಳಸದ ಬಸ್ಸು ಬಂತು. ಕಾಫಿ ಅರ್ಧ ಬಿಟ್ಟು, ಬರ್ತೀನಿ ಮೇಡಂ ಎಂದು ಹೋಗಿ ಹತ್ತಿಕೊಂಡರು.